ವುಲ್ಫ್‌ಪ್ಯಾಕ್ ಹಳೇ ಹುಡುಗರು: ಕಣ್ಣಾರೆ ನೋಡಿದವರಲ್ಲಿ ನಿಮ್ಮವರು ಯಾರು?

ಹಾಸನದ ತೋಳ:

ಅಮೆರಿಕದ ನಾರ್ತ್ ಕೆರೊಲೈನಾ ಸ್ಟೇಟ್ ಯೂನಿವರ್ಸಿಟಿಯಲ್ಲಿ (ಎನ್‌ಸಿ ಸ್ಟೇಟ್; ತಂಡದ ಹೆಸರು ವುಲ್ಫ್‌ಪ್ಯಾಕ್) ಓದಿದ, ಇಲ್ಲವೇ ಅದಿರುವ ರಾಲಿ ಊರಲ್ಲಿ ಒಂದಷ್ಟು ವರ್ಷ ಇದ್ದ ಕನ್ನಡದವರು ಇಲ್ಲಿ ನಾಲ್ಕೈದು ಜನ ಇದ್ದೀರಿ ಅಂತ ಗೊತ್ತು. ಈ ಪ್ರಶ್ನೆ ನಿಮಗೇ.

ನನ್ನ ಮಗಳಿಗೆ ಒಂಬತ್ತು ವರ್ಷ. ಕಂಠೀರವದ ಕೋರ್ಟಿನಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿಯುತ್ತಿದ್ದಾಳೆ. ಮೊನ್ನೆ ಸ್ಕೂಟರಿನ ಹಿಂದೆ ಕೂತು ಕೇಳಿದಳು, "ಅಪ್ಪಾ, ನಿಮ್ಮ ಕಾಲೇಜು ಟೀಮಲ್ಲಿ ಬೆಸ್ಟ್ ಯಾರು?" ಡೇವಿಡ್ ಥಾಂಪ್ಸನ್ ಅಂದೆ. "ನೀವು ನೋಡಿದ್ರಾ?" ಇಲ್ಲ. ಅವನು ಅಲ್ಲಿ ಆಡಿ ಮುಗಿಸಿದ್ದು 1975ರಲ್ಲಿ, ನಾನು ಹುಟ್ಟಿದ್ದು 1990ರಲ್ಲಿ. "ಮತ್ತೆ ನಿಮಗೆ ಹೇಗೆ ಗೊತ್ತು?" ಅಂದಳು. ಸಿಗ್ನಲ್ ಹಸಿರಾಯಿತು, ಬಚಾವಾದೆ.

ಅದಕ್ಕೇ ಒಂದು ನಿಯಮ ಇಟ್ಟುಕೊಳ್ಳೋಣ. ಪುಸ್ತಕದಲ್ಲಿ ಓದಿದವರು, ಗೋಡೆ ಮೇಲಿನ ಜೆರ್ಸಿಯವರು ಬೇಡ. ನೀವೇ ಕಣ್ಣಾರೆ ನೋಡಿದ ಒಬ್ಬ ಆಟಗಾರ. ದೊಡ್ಡವನೇ ಆಗಬೇಕು ಅಂತಿಲ್ಲ.

ನನ್ನದು ನಾನೇ ಮೊದಲು ಹೇಳಿಬಿಡುತ್ತೇನೆ. 2012ರ ಆಗಸ್ಟಿನಲ್ಲಿ ಎಂ.ಎಸ್. ಮಾಡಲು ಹೋದೆ. ಏವೆಂಟ್ ಫೆರಿ ರಸ್ತೆಯಲ್ಲಿ ಮನೆ, ಎರಡು ಬೆಡ್‌ರೂಮಿಗೆ ಐದು ಜನ. ಅಲ್ಲಿಯವರೆಗೆ ನಾನು ನೋಡಿದ್ದ ಬ್ಯಾಸ್ಕೆಟ್‌ಬಾಲ್ ಅಂದರೆ ನಮ್ಮ ಹೈಸ್ಕೂಲ್ ಮೈದಾನದ ಮೂಲೆಯಲ್ಲಿ ಬಲೆ ಇಲ್ಲದ ಒಂದು ರಿಂಗು. ಆ ಕಂಬಕ್ಕೆ ಪಕ್ಕದ ಮನೆಯವರು ಹಸು ಕಟ್ಟುತ್ತಿದ್ದರು. ರಾಲಿಗೆ ಹೋದರೆ ಬಸ್ಸಿನಲ್ಲಿ, ಲ್ಯಾಬಿನಲ್ಲಿ, ಎಲ್ಲೆಲ್ಲೂ ಇದೇ ಮಾತು. ಆ ವರ್ಷ ನಮ್ಮ ಕಾಲೇಜುಗಳ ಲೀಗು ಎಸಿಸಿಯಲ್ಲಿ ನಾವೇ ಮೊದಲು ಅಂತ ಎಲ್ಲರೂ ಬರೆದಿದ್ದರು. ಲೊರೆಂಜೊ ಬ್ರೌನ್, ಸ್ಕಾಟ್ ವುಡ್, ರಿಚರ್ಡ್ ಹೋವೆಲ್, ಸಿ.ಜೆ. ಲೆಸ್ಲಿ. ಜೊತೆಗೆ ಹೊಸ ಹುಡುಗ ಟಿ.ಜೆ. ವಾರೆನ್.

ನನಗೆ ಹೋವೆಲ್ ಇಷ್ಟ. ಗದ್ದೆ ಕೆಲಸದ ಹಾಗೆ ಆಡುತ್ತಿದ್ದ, ಬಗ್ಗಿದ್ದು ಎದ್ದಿದ್ದು ಅಷ್ಟೇ. ಲೆಸ್ಲಿ ಕಂಡರೆ ಸಿಟ್ಟು. ಮೈಯಲ್ಲಿ ಅಷ್ಟು ಆಟ ಇಟ್ಟುಕೊಂಡು ಒಂದು ದಿನ ಆಡುತ್ತಿದ್ದ, ಇನ್ನೊಂದು ದಿನ ಎಲ್ಲಿದ್ದಾನೆ ಅಂತ ಹುಡುಕಬೇಕಿತ್ತು.

2013ರ ಜನವರಿ 12. ಪಕ್ಕದ ಊರಿನ ಡ್ಯೂಕ್ ಯೂನಿವರ್ಸಿಟಿ ತಂಡ ಬಂತು. ದೇಶಕ್ಕೇ ನಂಬರ್ 1, ಆ ಸೀಸನ್ನಿನಲ್ಲಿ ಒಂದೂ ಸೋತಿರಲಿಲ್ಲ. ವಿದ್ಯಾರ್ಥಿಗಳ ಟಿಕೆಟ್ ಲಾಟರಿಯಲ್ಲಿ ನನ್ನ ಹೆಸರು ಬಂದಿತ್ತು. ಹೋವೆಲ್ 18 ರೀಬೌಂಡ್ (ಒಳಗೆ ಬೀಳದೆ ವಾಪಸ್ ಬಂದ ಚೆಂಡು) ತೆಗೆದ, ಲೆಸ್ಲಿ 25 ಪಾಯಿಂಟ್ ಹೊಡೆದ. 84-76, ಗೆದ್ದೆವು. ಕೊನೆಯ ಬೆಲ್ ಆಗುತ್ತಲೇ ಇಡೀ ಸ್ಟ್ಯಾಂಡು ಕೋರ್ಟಿಗೆ ನುಗ್ಗಿತು. ನಾನೂ ನುಗ್ಗಿದೆ. ನುಗ್ಗದಿದ್ದರೂ ಹಿಂದಿನವರು ತಳ್ಳಿಕೊಂಡು ಹೋಗುತ್ತಿದ್ದರು ಬಿಡಿ.

ಎಡಗಾಲಿನ ಬೂಟು ಹೋಯಿತು. ಅಮೆರಿಕಕ್ಕೆ ಹೊರಟಾಗ ಅಪ್ಪ ಹಾಸನದ ಬಾಟಾ ಅಂಗಡಿಯಲ್ಲಿ ಕೊಡಿಸಿದ ಬೂಟು. ನಾನು ಬಗ್ಗಿ ಜನರ ಕಾಲುಗಳ ಮಧ್ಯೆ ಹುಡುಕುತ್ತಾ ಇದ್ದೆ. ಅದೇ ಹೊತ್ತಿಗೆ ಅದೇ ಕೋರ್ಟಿನಲ್ಲಿ, ವೀಲ್‌ಚೇರಿನಲ್ಲಿ ನುಗ್ಗಿದ್ದ ನಮ್ಮ ಕಾಲೇಜಿನ ಹುಡುಗನೊಬ್ಬ ಗುಂಪಿನಲ್ಲಿ ಕೆಳಗೆ ಬಿದ್ದಿದ್ದ. ಲೆಸ್ಲಿ ಹೋಗಿ ಅವನನ್ನು ಎತ್ತಿಕೊಂಡು, ಯಾರೂ ತುಳಿಯದ ಹಾಗೆ ಕಾದು ನಿಂತಿದ್ದ. ಗೆದ್ದ ಖುಷಿಯಲ್ಲಿ ಎಲ್ಲರೂ ಮೇಲೆ ನೋಡುತ್ತಿದ್ದಾಗ ಅವನೊಬ್ಬ ಕೆಳಗೆ ನೋಡಿದ್ದ.

ಅವತ್ತಿನಿಂದ ಲೆಸ್ಲಿಯನ್ನು ಬೈದಿಲ್ಲ. ಆಮೇಲೆ ಮಾರ್ಚಿನಲ್ಲಿ ರಾಷ್ಟ್ರೀಯ ಟೂರ್ನಮೆಂಟಿನ ಮೊದಲ ಪಂದ್ಯದಲ್ಲೇ ಟೆಂಪಲ್ ಯೂನಿವರ್ಸಿಟಿ ಮುಂದೆ ಸೋತು ಮನೆಗೆ ಬಂದೆವು, ಆಗಲೂ ಬೈಯಲಿಲ್ಲ. ನನ್ನವನು ಅವನೇ.

ಈಗ ನೀವು ಹೇಳಿ.

ಚಾಪೆಲ್ ಹಿಲ್ ಚಿಕ್ಕಪ್ಪ:

ನಿಯಮ ಮಾಡಿದವರೇ ಮುರಿದರಲ್ಲ! ನೀವು ಬೂಟು ಹುಡುಕುತ್ತಿದ್ದಿರಿ. ಲೆಸ್ಲಿ ಎತ್ತಿದ್ದನ್ನು ನೋಡಿದ್ದು ಎಲ್ಲಿ? ಟಿವಿಯಲ್ಲಿ ತಾನೆ?

ಅಂದಹಾಗೆ ನಾನು ಪಕ್ಕದ ಊರು ಚಾಪೆಲ್ ಹಿಲ್‌ನ ಯೂನಿವರ್ಸಿಟಿಯವನು, ತಿಳಿನೀಲಿ ಬಣ್ಣದವನು. ನಮ್ಮಲ್ಲಿ ಇಂಥ ಚರ್ಚೆ ಶುರು ಮಾಡಿದರೆ ಮುಗಿಯೋದೇ ಇಲ್ಲ. ಆರು ಸಲ ರಾಷ್ಟ್ರೀಯ ಪಟ್ಟ, ಜೊತೆಗೆ ಒಬ್ಬ ಮೈಕಲ್ ಜೋರ್ಡಾನ್. ಸುಮ್ನೆ ನೆನಪು ಮಾಡಿದೆ.

ಹಾಸನದ ತೋಳ:

ಸಿಕ್ಕಿಬಿದ್ದೆ, ಒಪ್ಪಿದೆ. ರಾತ್ರಿ ರೂಂಮೇಟ್ ಲ್ಯಾಪ್‌ಟಾಪಿನಲ್ಲಿ ನೋಡಿದ್ದು. ಆದರೆ ಅಲ್ಲೇ ಎಲ್ಲೋ ಇದ್ದೆನಲ್ಲ, ಅರ್ಧ ಮಾರ್ಕ್ಸ್ ಕೊಡಿ.

ಜೋರ್ಡಾನ್ ವಿಷಯ ನೀವೇ ತೆಗೆದಿರಿ. 2009ರಲ್ಲಿ ಹಾಲ್ ಆಫ್ ಫೇಮಿಗೆ ಸೇರುವಾಗ ಪಕ್ಕದಲ್ಲಿ ನಿಲ್ಲಲು ಅವನು ಕರೆದದ್ದು ಯಾರನ್ನು? ನಮ್ಮ ಥಾಂಪ್ಸನ್‌ನನ್ನು. ಸುಮ್ನೆ ನೆನಪು ಮಾಡಿದೆ.

ನೇಯ್ಗೆ ಮೇಷ್ಟ್ರು:

ತಮ್ಮಾ, ನಿನ್ನ ನಿಯಮದ ಪ್ರಕಾರ ನಾನೂ ಫೇಲೇ. ಆದರೂ ಬರೆಯುತ್ತೇನೆ. ಈ ವಯಸ್ಸಿನಲ್ಲಿ ಯಾರೂ ಕೇಳದೇ ಇದ್ದಾಗಲೂ ಇದನ್ನೇ ಹೇಳುತ್ತಿರುತ್ತೇನೆ, ಈಗ ನೀನಾಗಿಯೇ ಕೇಳಿದ್ದೀಯ.

ನಾನು ಬೆಂಗಳೂರಿನ ಎಸ್‌ಕೆಎಸ್‌ಜೆಟಿಐನಲ್ಲಿ ಜವಳಿ ಓದಿದವನು. ಎನ್‌ಸಿ ಸ್ಟೇಟಿನ ಟೆಕ್ಸ್‌ಟೈಲ್ ವಿಭಾಗಕ್ಕೆ ಆಗಲೂ ದೊಡ್ಡ ಹೆಸರು. 1981ರಲ್ಲಿ ಹೋದೆ. ನನ್ನ ಗೈಡ್ ನೂಲಿನ ಬಲ ಅಳೆಯುವ ಯಂತ್ರದ ಮುಂದೆ ನಿಂತು ಮಾತಾಡುತ್ತಿದ್ದದ್ದು ನೂಲಿನ ವಿಷಯ ಕಡಿಮೆ, ಥಾಂಪ್ಸನ್ ವಿಷಯ ಜಾಸ್ತಿ. ಥಾಂಪ್ಸನ್ ಆಡುತ್ತಿದ್ದಾಗ ಕಾಲೇಜು ಆಟದಲ್ಲಿ ಡಂಕ್ (ಹಾರಿ ಚೆಂಡನ್ನು ಮೇಲಿನಿಂದ ರಿಂಗಿಗೆ ತುರುಕೋದು) ಮಾಡೋದು ನಿಷೇಧ. ಹಾಗಾಗಿ ಐದಡಿ ಏಳಿಂಚಿನ ಮಾಂಟೆ ಟೋ ರಿಂಗಿನ ಹತ್ತಿರ ಚೆಂಡು ಎಸೆಯೋದು, ಥಾಂಪ್ಸನ್ ಹಾರಿ ಗಾಳಿಯಲ್ಲೇ ಹಿಡಿದು ಮೆಲ್ಲಗೆ ಬಿಡೋದು. ತನ್ನ ಊರ ಕೋರ್ಟಿನ ಕೊನೆಯ ಪಂದ್ಯದಲ್ಲಿ ತಡೆಯಲಾರದೆ ಒಂದು ಡಂಕ್ ಮಾಡಿದನಂತೆ, ಅದಕ್ಕೆ ಟೆಕ್ನಿಕಲ್ ಫೌಲ್ ಕೊಟ್ಟರಂತೆ. ಇದು ಕೇಳಿದ್ದು. ಬಿಡು.

ನಾನು ನೋಡಿದವನು ಲೊರೆಂಜೊ ಚಾರ್ಲ್ಸ್.

1983ರ ಏಪ್ರಿಲ್ 4, ಸೋಮವಾರ ರಾತ್ರಿ, ರಾಷ್ಟ್ರೀಯ ಟೂರ್ನಮೆಂಟಿನ ಫೈನಲ್. ಆಟ ನಡೆದದ್ದು ನ್ಯೂ ಮೆಕ್ಸಿಕೋದ ಆಲ್ಬುಕರ್ಕಿಯಲ್ಲಿ. ನಾವು ಮೂರು ಜನ ಭಾರತದವರು, ಒಬ್ಬ ತೈವಾನಿನವನು, ಒಂದು ಕಪ್ಪುಬಿಳುಪು ಟಿವಿ. ಅದರ ಆಂಟೆನಾಗೆ ನಾನೇ ಅಲ್ಯೂಮಿನಿಯಂ ಹಾಳೆ ಸುತ್ತಿದ್ದೆ. ಯಾರಾದರೂ ಅಡುಗೆಮನೆಗೆ ಎದ್ದು ಹೋದರೆ ಚಿತ್ರ ಹೋಗುತ್ತಿತ್ತು. ಹಾಗಾಗಿ ಎರಡನೇ ಅರ್ಧ ಪೂರ್ತಿ ಯಾರೂ ಏಳಲಿಲ್ಲ, ಒಲೆ ಮೇಲಿಟ್ಟ ಅನ್ನ ತಳ ಹಿಡಿಯಿತು.

ಎದುರಿಗೆ ಹ್ಯೂಸ್ಟನ್. ಮುಂದೆ ಎನ್‌ಬಿಎ ತಾರೆಗಳಾದ ಒಲಾಜುವಾನ್, ಡ್ರೆಕ್ಸ್‌ಲರ್. ನಾವು ಆರನೇ ಸೀಡು, ಅಂದರೆ ನಮ್ಮ ವಿಭಾಗದ ಶ್ರೇಯಾಂಕದಲ್ಲಿ ಆರನೆಯವರು, ಹತ್ತು ಪಂದ್ಯ ಸೋತು ಬಂದವರು. ಗೆಲ್ಲುತ್ತೇವೆ ಅಂತ ರಾಲಿಯಲ್ಲೇ ಯಾರೂ ಬಾಜಿ ಕಟ್ಟುತ್ತಿರಲಿಲ್ಲ. ಅಂಥ ಪಂದ್ಯಗಳಲ್ಲಿ ಆಗ ಶಾಟ್ ಕ್ಲಾಕ್ ಇರಲಿಲ್ಲ, ಅಂದರೆ ಇಷ್ಟು ಸೆಕೆಂಡಿನೊಳಗೆ ಚೆಂಡು ಎಸೆಯಲೇಬೇಕು ಅನ್ನೋ ನಿಯಮ ಇರಲಿಲ್ಲ. ಹ್ಯೂಸ್ಟನ್ ಮುಂದೆ ಹೋಗಿ ಚೆಂಡು ಹಿಡಿದುಕೊಂಡು ಕಾಲ ಕಳೆಯಲು ಶುರು ಮಾಡಿತು. ನಮ್ಮ ಕೋಚ್ ಜಿಮ್ ವಾಲ್ವಾನೊ ಬೇಕೆಂದೇ ಫೌಲ್ ಮಾಡಿಸಿದ. ಅದಕ್ಕೆ ಸಿಕ್ಕ ಫ್ರೀ ಥ್ರೋ ಅವರು ಮಿಸ್ ಮಾಡಿದರು, ನಾವು ಹತ್ತಿರ ಬಂದೆವು. 52-52. ಕೊನೆಯ ಕ್ಷಣ ಡೆರೆಕ್ ವಿಟೆನ್‌ಬರ್ಗ್ ಎಲ್ಲೋ ದೂರದಿಂದ, ಮೂವತ್ತು ಅಡಿ ಇರಬೇಕು, ಎಸೆದ. ರಿಂಗಿಗೂ ಮುಟ್ಟಲಿಲ್ಲ. ನನ್ನ ಪಕ್ಕದವನು "ಅಯ್ಯೋ" ಅಂತ ತಲೆ ಮೇಲೆ ಕೈಯಿಟ್ಟ. ಆ ಕೈ ಇಳಿಯುವುದರೊಳಗೆ ಚಾರ್ಲ್ಸ್ ಚೆಂಡನ್ನು ಗಾಳಿಯಲ್ಲೇ ಹಿಡಿದು ಒಳಗೆ ತುರುಕಿದ್ದ. 54-52. ವಿಟೆನ್‌ಬರ್ಗ್ ಇವತ್ತಿಗೂ "ಅದು ಶಾಟ್ ಅಲ್ಲ, ಪಾಸು" ಅಂತ ನಗುತ್ತಾನೆ.

ಕ್ಯಾಂಪಸ್ಸಿನ ಇಟ್ಟಿಗೆ ಹಾಸಿನ ಚೌಕ ಬ್ರಿಕ್‌ಯಾರ್ಡಿಗೆ ಓಡಿದೆವು. ಅಲ್ಲಿ ಬೆಂಕಿ ಹಾಕಿದ್ದರು, ಕಾಮನ ಹಬ್ಬವೇ. ಯಾರೋ ಗುರುತಿಲ್ಲದ ಹುಡುಗಿ ನನ್ನನ್ನು ತಬ್ಬಿಕೊಂಡಳು. ಅಪ್ಪನಿಗೆ ಬರೆದ ಏರೋಗ್ರಾಮಿನಲ್ಲಿ ಅದೊಂದು ಬಿಟ್ಟು ಎಲ್ಲ ಬರೆದೆ. ಅಪ್ಪನ ಉತ್ತರ ಜುಲೈನಲ್ಲಿ ಬಂತು. ನನ್ನ ಪಂದ್ಯದ ಬಗ್ಗೆ ಒಂದೂ ಮಾತಿಲ್ಲ. ಪೂರ್ತಿ ಕಪಿಲ್, ಲಾರ್ಡ್ಸ್, ನಮ್ಮ ಕಿರ್ಮಾನಿ, ನಮ್ಮ ಬಿನ್ನಿ. 183 ರನ್ ಮಾಡಿ ಹೇಗೆ ಗೆದ್ದರು ಅಂತ ಕೊನೆಯ ಸಾಲನ್ನು ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದರು. ಆ ವರ್ಷ ಸೋಲಬೇಕಾದ ಎರಡು ತಂಡ ಗೆದ್ದವು. ನಾನು ಒಂದನ್ನು ನೋಡಿದೆ, ಅಪ್ಪ ಇನ್ನೊಂದನ್ನು.

ಆ ಫೈನಲಿನಲ್ಲಿ ಚಾರ್ಲ್ಸ್ ಹೊಡೆದದ್ದು ಬರೀ 4 ಪಾಯಿಂಟು. ಅದಕ್ಕೂ ಮುಂಚೆ ದೈತ್ಯ ಆಟಗಾರ ರಾಲ್ಫ್ ಸ್ಯಾಂಪ್ಸನ್ ಇದ್ದ ವರ್ಜೀನಿಯಾವನ್ನು 63-62ರಲ್ಲಿ ಸೋಲಿಸಿದ್ದೂ ಅವನ ಎರಡು ಫ್ರೀ ಥ್ರೋಗಳೇ. ಅದನ್ನು ಯಾರೂ ನೆನಪಿಡಲಿಲ್ಲ. ಆಮೇಲೆ ಎರಡು ವರ್ಷ ಅವನನ್ನು ನಮ್ಮ ಕ್ಯಾಂಪಸ್ಸಿನ ರೆನಾಲ್ಡ್ಸ್ ಕೊಲಿಸಿಯಂನಲ್ಲಿ ನಿಜವಾಗಿ ಕಣ್ಣಾರೆ ನೋಡಿದೆ. ಇಲ್ಲಿ ನಿಯಮ ಪಾಲಿಸಿದ್ದೇನೆ, ಬರೆದುಕೋ. ಮುಂದಿನ ಸಾಲಿನಲ್ಲಿ ಕೂತರೆ ಅವನ ಹೆಗಲು ಕಾಣುತ್ತಿತ್ತು, ಅದರ ಹಿಂದೆ ಏನೂ ಕಾಣುತ್ತಿರಲಿಲ್ಲ. ಅದೇ ತಂಡದಲ್ಲಿ ಸ್ಪಡ್ ವೆಬ್. ನನಗಿಂತ ಒಂದಿಂಚು ಕುಳ್ಳ, ನನ್ನ ಎದೆ ಮಟ್ಟಕ್ಕೆ ಅವನ ಮೊಣಕಾಲು ಹಾರುತ್ತಿತ್ತು. ಸ್ಪಡ್ ಬಗ್ಗೆ ಇನ್ನೊಂದು ದಿನ.

ಚಾರ್ಲ್ಸ್ ಎನ್‌ಬಿಎಯಲ್ಲಿ ಒಂದೇ ವರ್ಷ ಆಡಿದ. ಹೊರದೇಶಗಳಲ್ಲಿ ಆಡಿದ. ಆಮೇಲೆ ರಾಲಿಗೆ ಬಂದು ಬಸ್ ಓಡಿಸುತ್ತಿದ್ದ. ಟೂರ್ ಬಸ್ಸು, ಕಾಲೇಜು ತಂಡಗಳನ್ನು ಪಂದ್ಯಕ್ಕೆ ಕರೆದುಕೊಂಡು ಹೋಗೋದು. ಹಿಂದೆ ಕೂತ ಹುಡುಗರಿಗೆ ಸ್ಟೀರಿಂಗ್ ಹಿಡಿದವನು ಯಾರು ಅಂತ ಗೊತ್ತಿತ್ತೋ ಇಲ್ಲವೋ. 2011ರ ಜೂನ್ 27ರಂದು ಐ-40 ಹೆದ್ದಾರಿಯಲ್ಲಿ ಬಸ್ಸು ಅಪಘಾತಕ್ಕೀಡಾಯಿತು. ಬಸ್ಸಿನಲ್ಲಿ ಅವನೊಬ್ಬನೇ ಇದ್ದ. 47 ವರ್ಷ. ನಾನು ದಿನಾ ಆಫೀಸಿಗೆ ಹೋಗುತ್ತಿದ್ದ ರಸ್ತೆ ಅದು. ಮಾರನೇ ದಿನ ಹೋಗುವಾಗ ರೇಡಿಯೋದಲ್ಲಿ ಮತ್ತೆ ಆ ಕೊನೆಯ ಕ್ಷಣದ ಕಾಮೆಂಟರಿ ಹಾಕಿದರು. ಪಕ್ಕಕ್ಕೆ ನಿಲ್ಲಿಸಲು ಜಾಗ ಇರಲಿಲ್ಲ, ಓಡಿಸುತ್ತಲೇ ಕೇಳಿದೆ.

ಗೋರ್ಮನ್ ಬೀದಿ ಗೀತಕ್ಕ:

ಮೇಷ್ಟ್ರೇ, ನಿಮ್ಮದು ಓದಿ ಸ್ವಲ್ಪ ಹೊತ್ತು ಫೋನ್ ಕೆಳಗಿಟ್ಟೆ.

ಇಷ್ಟು ಜನ ಬರೆದಿರಿ, ಒಬ್ಬರಿಗಾದರೂ ಹೆಣ್ಣುಮಕ್ಕಳ ತಂಡ ನೆನಪಾಯಿತಾ? ಇಲ್ಲ. ಇರಲಿ, ಅದಕ್ಕೆ ನಾನಿದ್ದೇನೆ.

ನಾನು ಓದಿದವಳಲ್ಲ, ಓದುವವರ ಹೆಂಡತಿ. 2006ರಲ್ಲಿ ಮದುವೆಯಾಗಿ, ವಿದ್ಯಾರ್ಥಿಯ ಹೆಂಡತಿಗೆ ಕೊಡುವ ಎಫ್-2 ವೀಸಾದಲ್ಲಿ ಬಂದೆ. ಕೆಲಸ ಮಾಡುವಂತಿಲ್ಲ. ಕಾರು ಓಡಿಸಲು ಬರುತ್ತಿರಲಿಲ್ಲ. ಯಜಮಾನರು ಬೆಳಿಗ್ಗೆ ಲ್ಯಾಬಿಗೆ ಹೋದರೆ ರಾತ್ರಿಯೇ. ಕ್ಯಾಂಪಸ್ ಬಸ್ಸಿಗೆ ದುಡ್ಡು ಕೊಡಬೇಕಿರಲಿಲ್ಲ, ಅದೊಂದೇ ನನ್ನ ಪಾಲಿನ ರಥ. ಒಂದು ಸಂಜೆ ಸುಮ್ನೆ ಇಳಿದು ಜನ ಹೋಗುತ್ತಿದ್ದ ಕಡೆ ಹೋದೆ. ಅದು ರೆನಾಲ್ಡ್ಸ್ ಕೊಲಿಸಿಯಂ. ಗಂಡಸರ ತಂಡ 1999ರಲ್ಲೇ ದೊಡ್ಡ ಅರೀನಾಗೆ ಹೋಗಿತ್ತು, ಹುಡುಗಿಯರದು ಮಾತ್ರ ಇಲ್ಲೇ ಉಳಿದಿತ್ತು. ಹಳೇ ಇಟ್ಟಿಗೆ ಕಟ್ಟಡ, ಒಳಗೆ ಪಾಪ್‌ಕಾರ್ನ್ ವಾಸನೆ. ನಮ್ಮೂರ ತುಮಕೂರಿನ ಟಾಕೀಸ್ ಅನ್ನಿಸಿತು.

ನನ್ನ ಪಕ್ಕದ ಸೀಟಿಗೆ ಯಾವಾಗಲೂ ಒಬ್ಬ ಅಜ್ಜಿ ಬರುತ್ತಿದ್ದರು. ಕೆಂಪು ಸ್ವೆಟರು, ಮಡಿಲಲ್ಲಿ ಹೆಣಿಗೆ. ಕೈ ಹೆಣೆಯುತ್ತಿತ್ತು, ಬಾಯಿ ರೆಫರಿಯನ್ನು ಬೈಯುತ್ತಿತ್ತು, ಒಂದು ಕುಣಿಕೆ ತಪ್ಪುತ್ತಿರಲಿಲ್ಲ. ನಾನು ಶಾಲೆಯಲ್ಲಿ ಖೋ-ಖೋ ಆಡಿದವಳು. ಎದುರಾಳಿಗೆ ಹೆಗಲು ತೋರಿಸಿ ಇನ್ನೊಂದು ಕಡೆ ಹೋಗೋದು ನನಗೆ ಗೊತ್ತು. ಸ್ಕ್ರೀನ್, ಅಂದರೆ ಜೊತೆಯವಳಿಗೆ ದಾರಿಯಾಗಲಿ ಅಂತ ಎದುರಾಳಿಗೆ ಅಡ್ಡ ನಿಲ್ಲೋದು, ಅದು ಮಾತ್ರ ಗೊತ್ತಿರಲಿಲ್ಲ. ಅಜ್ಜಿ ಎರಡು ಹೆಣಿಗೆ ಕಡ್ಡಿ, ಒಂದು ಪೆಪ್ಪರ್‌ಮಿಂಟ್ ಇಟ್ಟುಕೊಂಡು ಸೀಟಿನ ಕೈ ಮೇಲೆ ಆಡಿಸಿ ತೋರಿಸಿದರು. ಆಮೇಲೆ ಪೆಪ್ಪರ್‌ಮಿಂಟ್ ನನಗೆ ಕೊಟ್ಟರು.

ಕೋಚ್ ಕೇ ಯೋ. 1988ರ ಒಲಿಂಪಿಕ್ಸ್‌ನಲ್ಲಿ ಅಮೆರಿಕಕ್ಕೆ ಚಿನ್ನ ಗೆದ್ದು ಕೊಟ್ಟ ಕೋಚ್. ಅದಕ್ಕೂ ಒಂದು ವರ್ಷ ಮುಂಚೆಯೇ ಅವರಿಗೆ ಸ್ತನ ಕ್ಯಾನ್ಸರ್ ಆಗಿತ್ತು, ಮತ್ತೆ ಮರಳಿತ್ತು. ನಾನು ಬಂದ ಸೀಸನ್ನಿನಲ್ಲಿ ಚಿಕಿತ್ಸೆಗೆ ಅಂತ ಸ್ವಲ್ಪ ದಿನ ದೂರ ಇದ್ದರು. ಜನವರಿಯಲ್ಲಿ ವಾಪಸ್ ಬಂದರು. ಆಮೇಲೆ ಆ ಹುಡುಗಿಯರು ಆಡಿದ್ದೇ ಬೇರೆ ಆಟ.

2007ರ ಫೆಬ್ರವರಿ 16. ಆ ರಾತ್ರಿ ಕೋರ್ಟಿಗೆ ಅವರ ಹೆಸರಿಟ್ಟರು. ಎದುರಿಗೆ ಚಾಪೆಲ್ ಹಿಲ್ (ಚಿಕ್ಕಪ್ಪ, ಓದುತ್ತಾ ಇದ್ದೀರಾ?), ದೇಶಕ್ಕೆ ನಂಬರ್ 2. ಗೆದ್ದವರು ನಾವು, 72-65. ನನ್ನವಳು ಖದೀಜಾ ವಿಟಿಂಗ್ಟನ್. ಅವಳಿಗಿಂತ ಎತ್ತರದವಳು ತಂಡದಲ್ಲೇ ಇದ್ದಳು. ಟ್ರಿನಿಡಾಡಿನ ಗಿಲಿಯನ್ ಗೋರಿಂಗ್, ಆರಡಿ ಏಳಿಂಚು. ಆದರೆ ಚೆಂಡು ರಿಂಗಿನಿಂದ ಹಾರಿದಾಗ ಅಲ್ಲಿ ಇರುತ್ತಿದ್ದವಳು ಖದೀಜಾ. ಎಲ್ಲಿ ಬೀಳುತ್ತದೆ ಅಂತ ಅವಳಿಗೆ ಮೊದಲೇ ಗೊತ್ತಿದ್ದ ಹಾಗೆ. ಮಾರ್ಚಿನಲ್ಲಿ ಆ ಹುಡುಗಿಯರೆಲ್ಲ ಕೋಚ್‌ಗೋಸ್ಕರ ಬೂಟಿಗೆ ಗುಲಾಬಿ ಲೇಸು ಕಟ್ಟಿಕೊಂಡು ಆಡಿದರು. ನಾನೂ ಒಂದು ಜೊತೆ ತಂದು ನನ್ನ ಕ್ಯಾನ್ವಾಸ್ ಶೂಗೆ ಹಾಕಿಕೊಂಡೆ. ಯಜಮಾನರು "ಇದೇನೇ?" ಅಂದರು. ನಿಮಗೆ ಗೊತ್ತಾಗಲ್ಲ ಬಿಡಿ ಅಂದೆ.

2009ರ ಜನವರಿಯಲ್ಲಿ ಅವರು ಹೋದರು. ಅಷ್ಟು ಹೊತ್ತಿಗೆ ನಾವು ಟೆಕ್ಸಸ್‌ನಲ್ಲಿದ್ದೆವು. ತಮ್ಮ ಅಂತ್ಯಕ್ರಿಯೆಗೆ ಬಂದವರ ಜೊತೆ ಮಾತಾಡಲು ಅಂತ ಅವರೇ ಮೊದಲೇ ವಿಡಿಯೋ ಮಾಡಿಟ್ಟಿದ್ದರು. ಅಜ್ಜಿಗೆ ಫೋನ್ ಮಾಡೋಣ ಅಂದುಕೊಂಡೆ. ಎರಡು ವರ್ಷ ಪಕ್ಕದಲ್ಲೇ ಕೂತಿದ್ದೆ, ಅವರ ನಂಬರ್ ಇರಲಿ, ಪೂರ್ತಿ ಹೆಸರೂ ಕೇಳಿರಲಿಲ್ಲ.

ಹಾಸನದ ತೋಳ:

ಅಕ್ಕಾ, ಇದನ್ನು ಮಗಳಿಗೆ ಓದಿ ಹೇಳಿದೆ. "ಸ್ಕ್ರೀನ್ ನನಗೂ ಕಡ್ಡಿ ಇಟ್ಟು ತೋರಿಸಿ" ಅಂತ ಕೂತಿದ್ದಾಳೆ. ಮನೆಯಲ್ಲಿ ಹೆಣಿಗೆ ಕಡ್ಡಿ ಇಲ್ಲ, ಅಗರಬತ್ತಿ ಇಟ್ಟು ತೋರಿಸಿದೆ.

ನಿಯಮ ಹೇಗೂ ಎಲ್ಲರೂ ಮುರಿದಾಯಿತು. ಹಾಗಾಗಿ ಕಣ್ಣಾರೆ ನೋಡದ ಇನ್ನೊಬ್ಬನನ್ನು ನಾನೂ ಸೇರಿಸುತ್ತೇನೆ. 2024ರ ಡಿ.ಜೆ. ಬರ್ನ್ಸ್. ಆಗ ನಾನು ಬೆಂಗಳೂರಿನಲ್ಲಿದ್ದೆ. ಸೀಸನ್ ಕೊನೆಗೆ ಸತತ ನಾಲ್ಕು ಸೋತಿದ್ದರು. ಎಸಿಸಿ ಟೂರ್ನಮೆಂಟಿನಲ್ಲಿ ಹತ್ತನೇ ಸೀಡು. ಐದು ದಿನದಲ್ಲಿ ಐದು ಪಂದ್ಯ ಗೆಲ್ಲಬೇಕು. ಸೆಮಿಫೈನಲಿನಲ್ಲಿ ವರ್ಜೀನಿಯಾ ಮೇಲೆ ಮೂರು ಪಾಯಿಂಟ್ ಹಿಂದೆ, ಉಳಿದದ್ದು ಐದು ಸೆಕೆಂಡು ಚಿಲ್ಲರೆ. ಎದುರಿನವನು ಫ್ರೀ ಥ್ರೋ ಮಿಸ್ ಮಾಡಿದ, ಮೈಕಲ್ ಓಕಾನೆಲ್ ಓಡಿ ಬಂದು ದೂರದಿಂದ ಎಸೆದ, ಬೋರ್ಡಿಗೆ ಬಡಿದು ಒಳಗೆ ಬಿತ್ತು. ಇಲ್ಲಿ ಶನಿವಾರ ಬೆಳಿಗ್ಗೆ, ನಾನು ತರಕಾರಿ ಅಂಗಡಿ ಮುಂದೆ ಬೀನ್ಸ್ ಆರಿಸುತ್ತಾ ಫೋನ್ ನೋಡುತ್ತಿದ್ದೆ. ಕೂಗಿದ್ದಕ್ಕೆ ಅಂಗಡಿಯವನು "ಯಾಕೆ ಸಾರ್, ಹುಳ ಬಂತಾ?" ಅಂದ.

ಮಾರನೇ ದಿನದ ಫೈನಲಿನಲ್ಲಿ ಚಾಪೆಲ್ ಹಿಲ್ ಮೇಲೆ 84-76. ನಾನು ಬೂಟು ಕಳೆದುಕೊಂಡ ದಿನದ್ದೇ ಸ್ಕೋರು! ಆಮೇಲೆ ರಾಷ್ಟ್ರೀಯ ಟೂರ್ನಮೆಂಟಿನಲ್ಲಿ ಡ್ಯೂಕ್ ಮೇಲೆ 76-64, ಅದು 1974ರಲ್ಲಿ ನಾವು ಪಟ್ಟ ಗೆದ್ದ ಫೈನಲಿನ ಸ್ಕೋರು. ಇಂಥದ್ದನ್ನೆಲ್ಲ ಲೆಕ್ಕ ಹಾಕಿಕೊಂಡು ಕೂರುವವನು ನಾನು, ಏನು ಮಾಡೋದು.

ಬರ್ನ್ಸ್ ಆರಡಿ ಒಂಬತ್ತಿಂಚು, ಗರಡಿಮನೆ ಪೈಲ್ವಾನನ ಮೈ. ಎತ್ತಿನಗಾಡಿಯನ್ನು ಹಿಂದಕ್ಕೆ ದಬ್ಬಿದ ಹಾಗೆ ಬೆನ್ನು ಕೊಟ್ಟು ಎದುರಿನವನನ್ನು ನೂಕಿಕೊಂಡು ಹೋಗುತ್ತಿದ್ದ. ರಿಂಗಿನ ಹತ್ತಿರ ಬಂದಮೇಲೆ ಗಿರಕ್ಕನೆ ತಿರುಗಿ ಎಡಗೈಯಲ್ಲಿ ಹೂವು ಇಟ್ಟ ಹಾಗೆ ಇಡುತ್ತಿದ್ದ. ಡ್ಯೂಕ್ ಮೇಲೆ 29 ಪಾಯಿಂಟು. ಇಲ್ಲಿ ನಸುಕಿನ ನಾಲ್ಕೂವರೆ, ಮನೆಯವರೆಲ್ಲ ಮಲಗಿದ್ದರು, ದಿಂಬು ಕಚ್ಚಿಕೊಂಡು ನೋಡಿದೆ. ಫೈನಲ್ ಫೋರ್‌ನಲ್ಲಿ, ಅಂದರೆ ದೇಶದ ಕೊನೆಯ ನಾಲ್ಕು ತಂಡಗಳ ಸೆಮಿಫೈನಲಿನಲ್ಲಿ, ಪರ್ಡ್ಯೂ ಮುಂದೆ 63-50ಕ್ಕೆ ಸೋತರು. ಸೋತ ದಿನ ಬೇಜಾರೇ ಆಗಲಿಲ್ಲ, ಅದೇ ವಿಚಿತ್ರ.

ಗೋರ್ಮನ್ ಬೀದಿ ಗೀತಕ್ಕ:

ಡ್ಯೂಕ್ ಪಂದ್ಯದ ದಿನವೇ ಹುಡುಗಿಯರೂ ಫೈನಲ್ ಫೋರ್‌ಗೆ ಹೋದರಪ್ಪಾ, ಒಂದೆರಡು ಗಂಟೆ ಮೊದಲು! ಟೆಕ್ಸಸ್ ಮೇಲೆ ಅಜಿಯಾಹಾ ಜೇಮ್ಸ್ ಏಳು ಮೂರು-ಪಾಯಿಂಟರ್ ಹೊಡೆದಳು. ಆ ಕೋರ್ಟಿನಲ್ಲಿ ಒಂದು ಕಡೆಯ ಮೂರು-ಪಾಯಿಂಟ್ ಗೆರೆಯನ್ನೇ ತಪ್ಪು ಎಳೆದಿದ್ದರು. ಪಂದ್ಯಕ್ಕೆ ಸ್ವಲ್ಪ ಮುಂಚೆ ಗೊತ್ತಾಯಿತು, ಇರಲಿ ಅಂತ ಹಾಗೇ ಆಡಿದರು. ಅದನ್ನೂ ಬಿಟ್ಟಿರಲ್ಲ.

ಚಾಪೆಲ್ ಹಿಲ್ ಚಿಕ್ಕಪ್ಪ:

ಓದುತ್ತಿದ್ದೇನೆ, ಓದುತ್ತಿದ್ದೇನೆ. ನಮ್ಮ ಸೋಲು ಇಷ್ಟು ಸಲ ಬರುತ್ತದೆ ಅಂತ ಗೊತ್ತಿದ್ದರೆ ಈ ಕಡೆ ತಲೆ ಹಾಕುತ್ತಿರಲಿಲ್ಲ. ಆದರೆ ಚಾರ್ಲ್ಸ್ ಬಸ್ ಓಡಿಸುತ್ತಿದ್ದದ್ದು ನನಗೆ ಗೊತ್ತಿರಲಿಲ್ಲ, ಮೇಷ್ಟ್ರೇ.

ನೇಯ್ಗೆ ಮೇಷ್ಟ್ರು:

ತಮ್ಮಾ ತೋಳ, ರೆನಾಲ್ಡ್ಸ್ ಹೊರಗೆ ಈಗ ಥಾಂಪ್ಸನ್ ವಿಗ್ರಹ ನಿಲ್ಲಿಸಿದ್ದಾರೆ, 2023ರ ಡಿಸೆಂಬರಿನಲ್ಲಿ. ಮಗಳನ್ನು ಕರೆದುಕೊಂಡು ಬಂದಾಗ ಅವನನ್ನು ಕಣ್ಣಾರೆ ನೋಡಿದೆ ಅಂತ ಹೇಳಬಹುದು. ನಮ್ಮ ಮನೆ ರಾಲಿ ಪಕ್ಕದ ಕೇರಿ (Cary) ಅನ್ನೋ ಊರಲ್ಲಿ, ದೇವಸ್ಥಾನದಿಂದ ಹತ್ತು ನಿಮಿಷ. ಊಟ ನಮ್ಮಲ್ಲೇ.

ಒಂದು ಕೇಳೋದು ಮರೆತೆ. ಬಲಗಾಲಿನ ಬೂಟು ಏನಾಯಿತು?

ಹಾಸನದ ತೋಳ:

ಹಾಸನದ ಮನೆಯಲ್ಲಿದೆ ಮೇಷ್ಟ್ರೇ. ಬಿಸಾಡಬೇಡಿ ಅಂದಿದ್ದೆ. ಅಮ್ಮ ಅದರಲ್ಲಿ ಬಟ್ಟೆ ಒಣಹಾಕೋ ಕ್ಲಿಪ್ ತುಂಬಿಟ್ಟಿದ್ದಾರೆ.